ಸ್ತ್ರೀಯರೂ ಅಂಗಸಾಧನೆಯೂ

ಅಂಗಸಾಧನೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಗರಡಿಯ ಮಟ್ಟಿ, ಮೈಗೆಲ್ಲ ಕೆಮ್ಮಣ್ಣು ಬಳಿದುಕೊಂಡ ಪೈಲ್ವಾನರು, ಗೋಡೆಗೆ ಒರಗಿಸಿಟ್ಟ ಗದೆಗಳು. ಆ ಚಿತ್ರದಲ್ಲಿ ಹೆಂಗಸಿಗೆ ಸ್ಥಳವಿಲ್ಲ. ಹೆಂಗಸಿಗೆ ವ್ಯಾಯಾಮವೇ ಬೇಡವೆಂದು ಈಗ ಯಾರೂ ಹೇಳುವುದಿಲ್ಲ. ಆದರೆ ಆಕೆಗೆ ನಡಿಗೆ ಸಾಕು, ಯೋಗಾಸನ ಸಾಕು, ಭಾರ ಎತ್ತುವುದು ಮಾತ್ರ ಗಂಡಸರ ಕೆಲಸ ಎಂಬ ಭಾವನೆ ಓದಿದವರಲ್ಲಿಯೂ ಉಳಿದಿದೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ನಾನು ವೈದ್ಯಶಾಸ್ತ್ರ ಓದಿದವಳಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿನಿ. ಈ ವಿಷಯಕ್ಕೆ ನನ್ನನ್ನು ಎಳೆದುತಂದದ್ದು ನಮ್ಮ ಮನೆಯ ಒಂದು ಪ್ರಸಂಗ.

ನಮ್ಮ ತಾಯಿ ಗದ್ದೆಯ ಕೂಲಿ ಕೆಲಸದವರು. ನಾಟಿ ಹಾಕುವುದು, ಕಳೆ ತೆಗೆಯುವುದು, ಹುಲ್ಲಿನ ಹೊರೆ ಹೊರುವುದು, ಮನೆಗೆ ಬಂದು ನೀರು ಸೇದುವುದು, ಇವುಗಳಲ್ಲಿಯೇ ಅವರ ನಲವತ್ತೈದು ವರ್ಷ ಕಳೆದಿದೆ. ಎರಡು ವರ್ಷದ ಹಿಂದೆ ಅವರಿಗೆ ಮೊಣಕಾಲು ನೋವು ಹೆಚ್ಚಿ, ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಾಯಿತು. ನಾನು ಅವರನ್ನು ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿ, “ತೂಕ ಜಾಸ್ತಿಯಾಗಿದೆ, ರಕ್ತದಲ್ಲಿ ಸಕ್ಕರೆಯ ಅಂಶವೂ ಏರುತ್ತಿದೆ. ದಿನಾ ನಡೆಯಬೇಕು, ವ್ಯಾಯಾಮ ಮಾಡಬೇಕು” ಎಂದರು. ಹೊರಗೆ ಬಂದ ಮೇಲೆ ಅವ್ವ ನನ್ನ ಮುಖ ನೋಡಿ, “ಬೆಳಗಿಂದ ಬೈಗಂಟ ಗದ್ದೇಲೇ ಇರೋಳು ಕನವ್ವ ನಾನು. ಇನ್ನೆಲ್ಲಿಗೆ ನಡೀಲಿ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಜೀವನವೆಲ್ಲಾ ಭಾರ ಹೊತ್ತ ಹೆಂಗಸಿನ ಕಾಲಿನಲ್ಲಿ ಶಕ್ತಿ ಏಕಿಲ್ಲ? ದುಡಿಮೆಯೇ ವ್ಯಾಯಾಮವಾಗುವುದಾದರೆ ನಮ್ಮ ಊರಿನ ಹೆಂಗಸರೆಲ್ಲರೂ ಗಟ್ಟಿಮುಟ್ಟಾಗಿ ಇರಬೇಕಾಗಿತ್ತಲ್ಲವೆ? ಈ ಪ್ರಶ್ನೆಯನ್ನು ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಮುಂದಿಟ್ಟೆ. ಅವರು, “ದುಡಿಮೆ ಬೇರೆ, ಸಾಧನೆ ಬೇರೆ. ಎರಡರಲ್ಲಿಯೂ ಭಾರವಿರುತ್ತದೆ, ಅಷ್ಟೇ” ಎಂದರು. ಈ ಮಾತನ್ನು ಬಿಡಿಸಿ ನೋಡಿದರೆ ನನ್ನ ವಿಷಯದ ಮುಕ್ಕಾಲು ಪಾಲು ಹೇಳಿದಂತೆಯೇ.

ಅಂಗಸಾಧನೆಯೆಂದರೆ ಒಂದು ಎದುರುಬಲದ ವಿರುದ್ಧ ಮಾಂಸಖಂಡಗಳನ್ನು ಕ್ರಮವಾಗಿ ದುಡಿಸುವುದು. ಆ ಎದುರುಬಲ ನಮ್ಮ ದೇಹದ ತೂಕವೇ ಆಗಬಹುದು, ಕೈಯಲ್ಲಿ ಹಿಡಿದ ಕಬ್ಬಿಣದ ಗುಂಡಾಗಬಹುದು, ಎಳೆದರೆ ಹಿಗ್ಗುವ ರಬ್ಬರಿನ ಪಟ್ಟಿಯಾಗಬಹುದು. ಶಕ್ತಿಗೆ ಮೀರದ, ಆದರೆ ಅಭ್ಯಾಸಕ್ಕಿಂತ ಸ್ವಲ್ಪ ಹೆಚ್ಚಾದ ಭಾರವನ್ನು ಎತ್ತಿದಾಗ ಮಾಂಸಖಂಡದ ಎಳೆಗಳಿಗೆ ಆಯಾಸವಾಗುತ್ತದೆ. ವಿಶ್ರಾಂತಿ, ಆಹಾರ ದೊರೆತರೆ ದೇಹವು ಅವುಗಳನ್ನು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅನಂತರ ಭಾರವನ್ನು ಇನ್ನಷ್ಟು ಏರಿಸಬೇಕು. ಪ್ರಾಚೀನ ಗ್ರೀಸಿನ ಕುಸ್ತಿಪಟು ಮೈಲೋ ಎಂಬವನು ಒಂದು ಎಳೆಗರುವನ್ನು ಪ್ರತಿದಿನವೂ ಹೆಗಲಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದಂತೆ ಅವನ ಬಲವೂ ಬೆಳೆದು, ಕೊನೆಗೆ ಬೆಳೆದ ಹೋರಿಯನ್ನೇ ಹೊತ್ತನಂತೆ. ಇದು ದಂತಕಥೆಯೇ ಆದರೂ ಸಾಧನೆಯ ಸೂತ್ರವನ್ನು ಸರಿಯಾಗಿ ತಿಳಿಸುತ್ತದೆ.

ಈಗ ನಮ್ಮ ತಾಯಿಯ ದುಡಿಮೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದಾಗಿ, ದುಡಿಮೆಯಲ್ಲಿ ಭಾರವು ದೇಹಕ್ಕೆ ತಕ್ಕಂತೆ ಏರುವುದಿಲ್ಲ. ಹೊರೆ ಎಷ್ಟಿದೆಯೋ ಅಷ್ಟನ್ನು ಹೊರಬೇಕು. ನಾಟಿಯಂತಹ ಕೆಲಸದಲ್ಲಿ ಭಾರವೇ ಇಲ್ಲ, ಗಂಟೆಗಟ್ಟಲೆ ಬಗ್ಗಿ ನಿಲ್ಲುವ ಶ್ರಮ ಮಾತ್ರ ಇದೆ. ಎರಡನೆಯದಾಗಿ, ದುಡಿಮೆಯು ಕೆಲವು ಅಂಗಗಳನ್ನೇ ಮತ್ತೆ ಮತ್ತೆ ಸವೆಸುತ್ತದೆ; ಸಾಧನೆಯಾದರೋ ಕಾಲು, ಬೆನ್ನು, ಎದೆ, ಭುಜ, ಹೊಟ್ಟೆ ಎಲ್ಲಕ್ಕೂ ಸಮಪಾಲು ಹಂಚುತ್ತದೆ. ಮೂರನೆಯದಾಗಿ, ಸಾಧನೆಯಲ್ಲಿ ವಿಶ್ರಾಂತಿಯೂ ಒಂದು ಅಂಗ. ಕೂಲಿಯಲ್ಲಿ ವಿಶ್ರಾಂತಿಯೆಂದರೆ ಅಂದಿನ ಸಂಬಳ ಹೋಯಿತೆಂದೇ ಅರ್ಥ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು, ಆಹಾರ. ಗರಡಿಯ ಪೈಲ್ವಾನನಿಗೆ ಹಾಲು, ಬಾದಾಮಿಗಳನ್ನು ಒದಗಿಸಲು ಊರೇ ನಿಲ್ಲುತ್ತಿತ್ತು. ಹೊರೆ ಹೊತ್ತುಬಂದ ಹೆಂಗಸು ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಮುದ್ದೆ ಅದ್ದಿಕೊಳ್ಳುತ್ತಾಳೆ; ಬೇಳೆ ಅಷ್ಟು ಹೊತ್ತಿಗೆ ಮುಗಿದಿರುತ್ತದೆ.

ಇನ್ನೊಂದು ಕಡೆ, ನನ್ನಂತಹ ಓದುವ ಹುಡುಗಿಯರು ಆ ದುಡಿಮೆಯನ್ನೂ ಬಿಟ್ಟವರು. ಬೀಸುವ ಕಲ್ಲು, ಒನಕೆಗಳ ಕೆಲಸವನ್ನು ಗಿರಣಿಯೂ ಮಿಕ್ಸಿಯೂ ಮಾಡುತ್ತಿವೆ. ಅದು ಹೋದದ್ದು ಒಳ್ಳೆಯದೇ ಆಯಿತು. ನಮ್ಮ ಅಜ್ಜಿಯರ ಕಷ್ಟವನ್ನು ಮರಳಿ ಬಯಸುವ ಮೂರ್ಖತನ ನನಗಿಲ್ಲ. ಆದರೆ ಅದರ ಸ್ಥಾನದಲ್ಲಿ ಬೇರೇನೂ ಬರಲಿಲ್ಲ. ಬಸ್ಸಿನಲ್ಲಿ ಕುಳಿತು, ತರಗತಿಯಲ್ಲಿ ಕುಳಿತು, ಮನೆಯಲ್ಲಿ ಮೊಬೈಲ್ ಹಿಡಿದು ಕುಳಿತು ದಿನ ಕಳೆಯುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ ಅತಿತೂಕದವರು, ನೂರಕ್ಕೆ 18.7 ಮಂದಿ ತೀರ ಕಡಮೆ ತೂಕದವರು, ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಹೆಚ್ಚು ತೂಗುವವಳಿಗಾಗಲಿ, ಕಡಮೆ ತೂಗುವವಳಿಗಾಗಲಿ ಶಕ್ತಿಯಿದೆಯೆಂದು ಈ ಅಂಕಿಗಳಿಂದ ಹೇಳುವಂತಿಲ್ಲ.

ಭಾರ ಎತ್ತುವುದು ಸ್ತ್ರೀಯರಿಗೆ ಸಲ್ಲದೆಂಬ ಮಾತನ್ನು ಚರಿತ್ರೆಯೇ ಸುಳ್ಳುಮಾಡಿದೆ. 1950ರ ದಶಕದಲ್ಲಿ ಹಮೀದಾ ಬಾನು ಎಂಬ ಮಹಿಳೆ ಅಖಾಡಕ್ಕಿಳಿದು ಗಂಡಸರೊಡನೆಯೇ ಕುಸ್ತಿಯಾಡಿ ಹೆಸರು ಮಾಡಿದಳು. 2000ನೆಯ ಇಸವಿಯ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರ ಭಾರ ಎತ್ತುವ ಸ್ಪರ್ಧೆಯನ್ನು ಮೊಟ್ಟಮೊದಲು ಸೇರಿಸಿದಾಗ, ಆಂಧ್ರ ಪ್ರದೇಶದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋಗ್ರಾಂ ಎತ್ತಿ ಕಂಚಿನ ಪದಕ ಪಡೆದರು. ಒಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಓಟಗಾರ್ತಿಯಲ್ಲ, ಭಾರ ಎತ್ತಿದವಳು ಎಂಬುದನ್ನು ನಾವು ಮರೆಯಬಾರದು. 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದ 49 ಕಿಲೋ ವಿಭಾಗದಲ್ಲಿ ಮಣಿಪುರದ ಮೀರಾಬಾಯಿ ಚಾನು ಒಂದೇ ಎತ್ತಿನಲ್ಲಿ 115 ಕಿಲೋಗ್ರಾಂ, ಎಂದರೆ ತಮ್ಮ ದೇಹದ ಎರಡರಷ್ಟಕ್ಕೂ ಮಿಗಿಲಾದ ಭಾರವನ್ನು ತಲೆಯ ಮೇಲಕ್ಕೆತ್ತಿ ಬೆಳ್ಳಿಯ ಪದಕ ತಂದರು.

ನಮ್ಮ ಕನ್ನಡನಾಡಿಗೂ ಅಂಗಸಾಧನೆಗೂ ಇರುವ ನಂಟು ದೊಡ್ಡದು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ನಾವು ಭಾಷಾ ತರಗತಿಯಲ್ಲಿ ಕೇಳಿ ಬಲ್ಲೆವು. ಅವುಗಳ ಕರ್ತೃ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿ, ದೇಹದಾರ್ಢ್ಯವನ್ನು ಒಂದು ಶಾಸ್ತ್ರವೆಂಬಂತೆ ಕಲಿಸಿದ ವ್ಯಾಯಾಮಾಚಾರ್ಯರೂ ಆಗಿದ್ದರು. ಸಾಹಿತ್ಯ, ಸಾಮು ಎರಡೂ ಒಬ್ಬರಲ್ಲಿಯೇ ಇರಬಹುದೆಂಬುದಕ್ಕೆ ಅವರೇ ಸಾಕ್ಷಿ. ಮೈಸೂರು ದಸರಾ ಕುಸ್ತಿಯಲ್ಲಿ ಈಗ ಮಹಿಳೆಯರ ಜೋಡಿಗಳೂ ಅಖಾಡಕ್ಕೆ ಇಳಿಯುತ್ತಿವೆ. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಇನ್ನೂ ಕಡಮೆ.

ಪದಕ ಗೆಲ್ಲುವುದು ಕೆಲವರ ಭಾಗ್ಯ. ಸಾಮಾನ್ಯ ಸ್ತ್ರೀಗೆ ಅಂಗಸಾಧನೆಯಿಂದ ಆಗುವ ಪ್ರಯೋಜನವೇನು? ನಾವು ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರಿದಾಗ ಅದರಲ್ಲಿ ಬಹುಪಾಲನ್ನು ಹೀರಿಕೊಂಡು ಕೂಡಿಡುವ ಉಗ್ರಾಣವೆಂದರೆ ಮಾಂಸಖಂಡ. ಉಗ್ರಾಣ ದೊಡ್ಡದಾಗಿ, ದಿನವೂ ಬಳಕೆಯಲ್ಲಿದ್ದರೆ ರಕ್ತದ ಸಕ್ಕರೆ ಹತೋಟಿಯಲ್ಲಿರಲು ಸಹಾಯವಾಗುತ್ತದೆ. ಮೂವತ್ತು ವರ್ಷ ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8 ಪಾಲಿನಂತೆ ಮಾಂಸಖಂಡ ಕರಗುತ್ತದೆ. ಮುಟ್ಟು ನಿಂತ ಮೇಲೆ ಸ್ತ್ರೀಯರ ಮೂಳೆಗಳು ಬೇಗಬೇಗನೆ ಸವೆಯುತ್ತವೆ. ಭಾರದ ಒತ್ತಡ ಬಿದ್ದ ಮೂಳೆಯು ತನ್ನ ಸಾಂದ್ರತೆಯನ್ನು ಉಳಿಸಿಕೊಳ್ಳುತ್ತದೆ. ತೊಡೆಯ ಮುಂಭಾಗದ ಮಾಂಸಖಂಡ ಬಲವಾದರೆ ಮೊಣಕಾಲಿನ ಕೀಲಿನ ಮೇಲಣ ಹೊರೆ ಇಳಿದು ನೋವು ತಗ್ಗುತ್ತದೆ. ಈ ಕಾರಣಗಳಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಸೂಚನೆಯಲ್ಲಿ, ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸು ನಡಿಗೆಯಂತಹ ಶ್ರಮದ ಜೊತೆಗೆ, ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ಸ್ತ್ರೀಪುರುಷರಿಬ್ಬರಿಗೂ ಹೇಳಿದೆ.

ಇನ್ನು ತೂಕದ ಮಾತು. ಇಲ್ಲಿ ಅತಿಶಯೋಕ್ತಿ ಮಾಡಬಾರದು. ಮಾಂಸಖಂಡ ಬೆಳೆದರೆ ಕೊಬ್ಬು ತಾನೇ ತಾನಾಗಿ ಕರಗಿಹೋಗುತ್ತದೆ ಎಂಬ ಜಾಹೀರಾತಿನ ಮಾತು ನಿಜವಲ್ಲ. ಒಂದು ಕಿಲೋ ಮಾಂಸಖಂಡವು ವಿಶ್ರಾಂತಿಯಲ್ಲಿರುವಾಗ ದಿನಕ್ಕೆ ವ್ಯಯಮಾಡುವುದು ಸುಮಾರು 13 ಕ್ಯಾಲೊರಿ ಮಾತ್ರ. ಇದು ಒಂದು ಸಣ್ಣ ಚಮಚ ಸಕ್ಕರೆಗಿಂತಲೂ ಕಡಮೆ. ತೂಕ ಇಳಿಯಬೇಕಾದರೆ ಊಟದಲ್ಲಿ ಮಿತಿ ಬೇಕೇ ಬೇಕು. ಹಾಗಾದರೆ ಭಾರ ಎತ್ತುವುದು ಏಕೆ? ಬರೀ ಊಟ ಬಿಟ್ಟು ಇಳಿಸಿದ ತೂಕದಲ್ಲಿ ಹೆಚ್ಚುಕಡಮೆ ಕಾಲು ಪಾಲು ಕೊಬ್ಬಲ್ಲ. ಅದರಲ್ಲಿ ಮಾಂಸಖಂಡವೂ ಸೇರಿ ಹೋಗಿರುತ್ತದೆ. ತಕ್ಕಡಿಯ ಮುಳ್ಳು ಇಳಿಯುತ್ತದೆ, ಜೊತೆಗೆ ಬಲವೂ ಇಳಿಯುತ್ತದೆ. ಮತ್ತೆ ಊಟ ಮಾಡತೊಡಗಿದಾಗ ತುಂಬಿಕೊಳ್ಳುವುದು ಮುಖ್ಯವಾಗಿ ಕೊಬ್ಬು. ಅಂಗಸಾಧನೆಯು ಹೋಗಬೇಕಾದುದನ್ನು ಹೋಗಬಿಟ್ಟು ಇರಬೇಕಾದುದನ್ನು ಉಳಿಸುತ್ತದೆ. ಆದುದರಿಂದ ಸಾಧನೆ ಮಾಡುವವಳು ತಕ್ಕಡಿಯೊಂದನ್ನೇ ನಂಬದೆ, ಸೊಂಟದ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದುಕೊಳ್ಳುವುದು ಮೇಲು. ನಮ್ಮ ದೇಶದ ಸ್ತ್ರೀಯರಿಗೆ ಅದು 80 ಸೆಂಟಿಮೀಟರಿನೊಳಗೆ ಇರುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೂ ಬರುವ ಆಕ್ಷೇಪಣೆಗಳಿವೆ. “ಭಾರ ಎತ್ತಿದರೆ ಗಂಡುಬೀರಿಯಾಗುತ್ತೀಯೆ” ಎಂದು ನನಗೇ ಹೇಳಿದವರಿದ್ದಾರೆ. ಮಾಂಸಖಂಡವನ್ನು ದಪ್ಪವಾಗಿ ಉಬ್ಬಿಸುವ ಟೆಸ್ಟೋಸ್ಟಿರಾನ್ ಎಂಬ ರಸವು ಸ್ತ್ರೀಯರಲ್ಲಿ ಪುರುಷರ ಹತ್ತನೆಯ ಒಂದು ಪಾಲಿಗಿಂತಲೂ ಕಡಮೆ. ಅಷ್ಟು ಸುಲಭವಾಗಿ ಪೈಲ್ವಾನರಾಗುವಂತಿದ್ದರೆ ಗರಡಿಯಲ್ಲಿ ಹತ್ತು ವರ್ಷ ಬೆವರು ಸುರಿಸಿದ ಗಂಡಸರೆಲ್ಲರೂ ಪೈಲ್ವಾನರಾಗಿರಬೇಕಿತ್ತು. “ಗರ್ಭಕೋಶ ಜಾರುತ್ತದೆ” ಎಂಬುದು ಎರಡನೆಯ ಭಯ. ಆರೋಗ್ಯವಂತ ತರುಣಿಯು ಕ್ರಮವಾಗಿ ಭಾರ ಏರಿಸಿ ಸಾಧನೆ ಮಾಡುವುದರಿಂದ ಹೀಗಾಗುತ್ತದೆಂದು ಹೆದರಬೇಕಾಗಿಲ್ಲ. ಮುಟ್ಟಿನ ದಿನಗಳಲ್ಲಿಯೂ ಆಯಾಸವಿಲ್ಲದಿದ್ದರೆ ನಿಲ್ಲಿಸಬೇಕಾಗಿಲ್ಲ. ಆದರೆ ಗರ್ಭಿಣಿಯರು, ಹೊಸದಾಗಿ ಹೆತ್ತವರು, ಶಸ್ತ್ರಚಿಕಿತ್ಸೆಯಾದವರು, ಗರ್ಭಕೋಶ ಜಾರಿರುವವರು, ರಕ್ತದೊತ್ತಡ ಅಥವಾ ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಒಂದು ಮಾತು ಮಾತ್ರ ನನಗೆ ವಿಚಿತ್ರವಾಗಿ ಕಾಣುತ್ತದೆ: ಹೆಣ್ಣು ಹತ್ತು ಕಿಲೋ ಕಬ್ಬಿಣ ಎತ್ತಬಾರದೆನ್ನುವ ಮನೆಯಲ್ಲಿಯೇ ಹದಿನೈದು ಕಿಲೋ ತೂಗುವ ನೀರಿನ ಕೊಡವನ್ನು ಅವಳ ಸೊಂಟಕ್ಕೇರಿಸಿ ಕಳುಹಿಸುತ್ತಾರೆ.

ಆಹಾರವಿಲ್ಲದೆ ಸಾಧನೆ ಫಲಿಸದು. 55 ಕಿಲೋ ತೂಗುವ ಸ್ತ್ರೀಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. ಇದಕ್ಕೆ ಅಂಗಡಿಯ ಬೆಲೆಬಾಳುವ ಪುಡಿಯ ಡಬ್ಬಗಳು ಬೇಕಿಲ್ಲ. ನೂರು ಗ್ರಾಂ ಹುರುಳಿಯಲ್ಲಿ ಅಥವಾ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ನೂರು ಗ್ರಾಂ ರಾಗಿಯಲ್ಲಿ 7 ಗ್ರಾಂ, ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ ಪ್ರೋಟೀನು ಇರುತ್ತದೆ. ನಮ್ಮ ಹುರುಳಿ ಸಾರು, ಕಾಳುಪಲ್ಯ, ಕಡಲೆಕಾಯಿ ಇವುಗಳಲ್ಲಿ ಬೇಕಾದುದೆಲ್ಲ ಇದೆ. ಸಾರಿನ ಗಟ್ಟಿಭಾಗ ಹೆಂಗಸರ ತಟ್ಟೆಗೂ ಬೀಳಬೇಕು ಎಂಬುದಷ್ಟೇ ಪ್ರಶ್ನೆ. ಬೇಗ ಸುಸ್ತಾಗುವವರು ರಕ್ತಪರೀಕ್ಷೆ ಮಾಡಿಸಿ, ರಕ್ತಹೀನತೆಯಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು.

ಇನ್ನು ಕ್ರಮ. ಹೊಸಬರಿಗೆ ಐದು ಚಲನೆಗಳು ಸಾಕು.

1. ಬಸ್ಕಿ: ಕುರ್ಚಿಯ ಅಂಚಿನಲ್ಲಿ ಕುಳಿತು ಕೈಯೂರದೆ ಏಳುವುದು, ನಿಧಾನವಾಗಿ ಕೂರುವುದು. ರೂಢಿಯಾದ ಮೇಲೆ ಎದೆಗೆ ತೂಕವೊಂದನ್ನು ಅಪ್ಪಿ ಹಿಡಿಯುವುದು.

2. ದಂಡ: ಮೊದಲು ಗೋಡೆಗೆ ಕೈಯಿಟ್ಟು, ಅನಂತರ ಬೆಂಚಿಗೆ, ಕೊನೆಗೆ ನೆಲಕ್ಕೆ.

3. ಎಳೆತ: ಬಗ್ಗಿ ಒಂದು ಕೈಯನ್ನು ಬೆಂಚಿನ ಮೇಲೆ ಊರಿ, ಇನ್ನೊಂದು ಕೈಯ ತೂಕವನ್ನು ಪಕ್ಕೆಯವರೆಗೆ ಎಳೆಯುವುದು.

4. ಎತ್ತು: ಬೆನ್ನನ್ನು ನೆಟ್ಟಗೆ ಇಟ್ಟು, ಸೊಂಟವನ್ನು ಹಿಂದಕ್ಕೆ ತಳ್ಳಿ, ನೆಲದ ಮೇಲಿನ ತೂಕವನ್ನು ಕಾಲಿನ ಬಲದಿಂದ ಎತ್ತುವುದು.

5. ಹೊರೆ ನಡಿಗೆ: ಎರಡು ಕೈಯಲ್ಲಿಯೂ ಸಮತೂಕ ಹಿಡಿದು ನೆಟ್ಟಗೆ ನಡೆಯುವುದು.

ಮೊದಲ ನಾಲ್ಕು ಚಲನೆಗಳನ್ನು ಒಂದೊಂದು ಸರದಿಗೆ 8ರಿಂದ 12 ಸಲದಂತೆ ಎರಡು ಮೂರು ಸರದಿ ಮಾಡಬೇಕು; ಐದನೆಯದಕ್ಕೆ ಪ್ರತಿ ಸರದಿಯಲ್ಲಿ ಅರ್ಧ ನಿಮಿಷದ ನಡಿಗೆ ಸಾಕು. ಸರದಿಯ ಕೊನೆಯಲ್ಲಿ ಇನ್ನೆರಡು ಸಲ ಮಾಡುವಷ್ಟು ಶಕ್ತಿ ಉಳಿದಿರಬೇಕು. ಹನ್ನೆರಡು ಸಲ ಸುಲಭವಾದಾಗ ತೂಕವನ್ನು ಸ್ವಲ್ಪ ಏರಿಸಬೇಕು. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನವಾದರೂ ಬಿಡುವು. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ತೆಗೆದುಕೊಳ್ಳಬೇಕು, ಉಸಿರು ಕಟ್ಟಬಾರದು. ಮಾರನೆಯ ದಿನ ಮೈಕೈ ಹಿಡಿದುಕೊಳ್ಳುವುದು ಸಹಜ. ಕೀಲಿನಲ್ಲಿ ಚುಚ್ಚಿದಂತೆ ನೋವಾದರೆ ಕೂಡಲೇ ನಿಲ್ಲಿಸಬೇಕು.

ಈ ಕ್ರಮವನ್ನು ನಾವು ಆರು ಮಂದಿ ಗೆಳತಿಯರು ಏಳು ತಿಂಗಳಿಂದ ನಡೆಸುತ್ತಿದ್ದೇವೆ. ಸ್ಥಳ ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿ; ಸಾಮಗ್ರಿ ಮರಳು ತುಂಬಿದ ಚೀಲಗಳು, ನೀರು ತುಂಬಿದ ಐದು ಲೀಟರಿನ ಕ್ಯಾನುಗಳು. ಆರಂಭದಲ್ಲಿ ನನ್ನ ತೂಕ 71 ಕಿಲೋ, ಈಗ 68. “ಇಷ್ಟು ಬೆವರು ಸುರಿಸಿ ಬರೀ ಮೂರು ಕಿಲೋವೆ?” ಎಂದು ನಗುವವರುಂಟು. ಆದರೆ ಸೊಂಟದ ಸುತ್ತಳತೆ ಏಳು ಸೆಂಟಿಮೀಟರು ಇಳಿದಿದೆ. ಗೋಡೆಗೆ ದಂಡ ಹೊಡೆಯಲು ಏದುಸಿರು ಬಿಡುತ್ತಿದ್ದವಳು ಈಗ ನೆಲದ ಮೇಲೆ ಒಂಬತ್ತು ಹೊಡೆಯುತ್ತೇನೆ. ಹೈಸ್ಕೂಲಿನಿಂದಲೂ ‘ಡುಮ್ಮಿ’ ಎಂಬ ಹೆಸರು ಹೊತ್ತು, ತಲೆ ತಗ್ಗಿಸಿ ನಡೆದವಳಿಗೆ ಈ ಒಂಬತ್ತು ದಂಡಗಳ ಬೆಲೆ ಎಷ್ಟೆಂದು ಬಲ್ಲವರೇ ಬಲ್ಲರು. ಮದುವೆಗೆ ಮೊದಲು ಸಣ್ಣಗಾಗು ಎಂದು ನನಗೆ ಎಲ್ಲರೂ ಹೇಳಿದ್ದರು; ಗಟ್ಟಿಯಾಗು ಎಂದು ಯಾರೂ ಹೇಳಿರಲಿಲ್ಲ.

ಅವ್ವನ ವಿಷಯದಲ್ಲಿ ನಾನೇ ಗುರುವಾಗಲು ಹೆದರಿದೆ. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ತೋರಿಸಿದ ಕಾಲಿನ ವ್ಯಾಯಾಮಗಳನ್ನು ರಾತ್ರಿ ಊಟಕ್ಕೆ ಮುಂಚೆ ಜೊತೆಯಲ್ಲಿ ಮಾಡತೊಡಗಿದೆವು. ಮೊದಮೊದಲು ನಾಚಿಕೊಂಡು ಬಾಗಿಲು ಹಾಕಿಸುತ್ತಿದ್ದರು. ಸಕ್ಕರೆಯ ಮಾತ್ರೆ ನಿಂತಿಲ್ಲ, ಗದ್ದೆಯ ಕೆಲಸವೂ ನಿಂತಿಲ್ಲ, ನೋವು ಪೂರ್ತಿ ಹೋಗಿಲ್ಲ. ಆದರೆ ಈ ಸಂಕ್ರಾಂತಿಯ ದಿನ ನೆಲದ ಮೇಲೆ ಕುಳಿತು ಎಳ್ಳುಬೆಲ್ಲ ಬೆರೆಸುತ್ತಿದ್ದವರು ಗೋಡೆ ಹಿಡಿಯದೆ ಎದ್ದುನಿಂತರು. ಎದ್ದ ಮೇಲೆಯೇ ಅವರಿಗೆ ಅದು ಅರಿವಾಗಿ, ನನ್ನ ಕಡೆ ತಿರುಗಿ ನಕ್ಕರು.

ಕಡೆಯದಾಗಿ ಒಂದು ಬಿನ್ನಹ. ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಭಾರ ಎತ್ತುವ ದಂಡವೂ ಕಬ್ಬಿಣದ ತಟ್ಟೆಗಳೂ ಇವೆ. ಅದು ತೆರೆಯುವುದು ಸಂಜೆ ನಾಲ್ಕರ ಮೇಲೆ. ಹಳ್ಳಿಗಳಿಂದ ಬರುವ ನಮಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನ ಬಸ್ಸು ಕತ್ತಲಾದ ಮೇಲೆಯೇ. ಯಾರೂ ನಮ್ಮನ್ನು ಬೇಡವೆಂದವರಿಲ್ಲ. ಆದರೆ ಆ ವೇಳೆಯೇ ನಮ್ಮನ್ನು ಹೊರಗಿಟ್ಟಿದೆ. ವಾರದಲ್ಲಿ ಎರಡು ದಿನ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ, ಆ ಕೊಠಡಿಯನ್ನು ವಿದ್ಯಾರ್ಥಿನಿಯರಿಗಾಗಿ ತೆರೆಸಿಕೊಡಬೇಕೆಂದು ಪ್ರಾಂಶುಪಾಲರಲ್ಲಿಯೂ ಅಧ್ಯಾಪಕ ವೃಂದದವರಲ್ಲಿಯೂ ವಿನಯದಿಂದ ಬೇಡುತ್ತೇನೆ. ನಾನು ಈ ವರ್ಷ ಕಾಲೇಜು ಬಿಟ್ಟು ಹೋಗುವವಳು. ಆ ಬಾಗಿಲು ತೆರೆದರೆ ಅದರ ಫಲ ನನಗೆ ದೊರೆಯಲಾರದು. ನನ್ನ ಹಿಂದೆ ಬರುವ ತಂಗಿಯರಿಗೆ ದೊರೆತರೆ ಸಾಕು. ಮರಳಿನ ಚೀಲಗಳನ್ನು ವಿಶ್ರಾಂತಿ ಕೊಠಡಿಯ ಬಲಮೂಲೆಯಲ್ಲಿ ಇಟ್ಟಿದ್ದೇವೆ. ಬೇಕಾದವರು ನಾಳೆಯಿಂದಲೇ ಆರಂಭಿಸಬಹುದು.